ಶ್ವಾಸನಾಳಕ್ಕೆ ಬದಲಿ ನಾಳ: ಕೊಳವೆ ಅಚ್ಚು ಹಾಕಿದರೆ ಮುಗಿಯಿತೇ?

ಯಂತ್ರಮಾಸ್ತರ, ಕಲಬುರಗಿ

ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಆರಿಸಿಕೊಂಡಿರುವ ವಿಷಯ: ಕೆಟ್ಟುಹೋದ ಶ್ವಾಸನಾಳದ ತುಂಡಿಗೆ ಬದಲಿ. ಪಾಲಿಕ್ಯಾಪ್ರೋಲ್ಯಾಕ್ಟೋನ್, ಅಂದರೆ ಪಿಸಿಎಲ್ ಪ್ಲಾಸ್ಟಿಕ್. 6 ಸೆಂ.ಮೀ. ಉದ್ದ, 18 ಮಿ.ಮೀ. ಒಳವ್ಯಾಸ, ಸುತ್ತಲೂ 2 ಮಿ.ಮೀ. ಗೋಡೆ. ಕಾಲೇಜಿನ ತ್ರೀಡಿ ಪ್ರಿಂಟರಿನಲ್ಲೇ ಬರುತ್ತದೆ. ಅಳತೆ ಸರಿಯಿದೆಯೇ? ಎಷ್ಟು ಗಟ್ಟಿ ಇರಬೇಕು? ಮೇಲೆ ಜೀವಕೋಶ ಹಚ್ಚಲೇಬೇಕೋ, ಬರೀ ಕೊಳವೆ ನಡೆಯುತ್ತದೋ? ಗಾಳಿ ಹೋಗಿ ಬರುವ ನಾಳ ತಾನೇ, ನೀರಿನ ಪೈಪಿಗಿಂತ ಹೆಚ್ಚೇನು ಬೇಕು ಅನ್ನುವುದು ಹುಡುಗರ ವಾದ.

ಕಂಠವೈದ್ಯ, ಕಲಬುರಗಿ

ಮಾಸ್ತರ್ರ, ಆ ಪೈಪಿನ ವಾದದ ಮೇಲೆಯೇ ದೊಡ್ಡ ದೊಡ್ಡವರು ಬಿದ್ದದ್ದು. ಅದಕ್ಕೆ ಆಮೇಲೆ ಬರೋಣ, ಮೊದಲು ಅಳತೆ.

ವಯಸ್ಕರ ಶ್ವಾಸನಾಳ 10ರಿಂದ 12 ಸೆಂ.ಮೀ. ಉದ್ದ, ಅದರಲ್ಲಿ 18ರಿಂದ 22 ಮೃದ್ವಸ್ಥಿ, ಅಂದರೆ ಮೆತ್ತನೆ ಎಲುಬಿನ, ಉಂಗುರ. ಉಂಗುರ ಅಂದರೂ ಪೂರ್ತಿ ಬಳೆಯಲ್ಲ, ಕುದುರೆ ಲಾಳದಂತೆ ಹಿಂದೆ ಬಾಯಿ ತೆರೆದಿರುತ್ತದೆ. ಆ ತೆರಪಿನಲ್ಲಿ ಮೆತ್ತನೆಯ ಪೊರೆ, ಸ್ನಾಯು. ಅದಕ್ಕೆ ಆನಿಕೊಂಡೇ ಅನ್ನನಾಳ. ರೊಟ್ಟಿಯ ದಪ್ಪ ತುತ್ತು ಇಳಿಯುವಾಗ ಪೊರೆ ಒಳಗೆ ಬಾಗಿ ಜಾಗ ಬಿಡುತ್ತದೆ. ಸುತ್ತಲೂ 2 ಮಿ.ಮೀ. ಗಟ್ಟಿ ಗೋಡೆ ಇಟ್ಟಿರೋ, ಅನ್ನನಾಳಕ್ಕೆ ಸದಾ ಒತ್ತು. ಮುಂಭಾಗದಲ್ಲಿ ಇನ್ನಾಮಿನೇಟ್ ಅಪಧಮನಿ ಎಂಬ ದೊಡ್ಡ ರಕ್ತನಾಳ ಶ್ವಾಸನಾಳವನ್ನು ಅಡ್ಡ ದಾಟುತ್ತದೆ. ಗಟ್ಟಿ ಅಂಚು ಪ್ರತಿ ಉಸಿರಿಗೂ ಅದನ್ನು ತಿಕ್ಕಿ ತೂತು ಮಾಡಿದರೆ ರೋಗಿಯನ್ನು ಉಳಿಸಲು ಸಿಗುವುದು ಕೆಲವೇ ನಿಮಿಷ.

ಎರಡನೆಯದು, ಬದಲಿ ನಾಳದ ಅಗತ್ಯವೇ ಬಹಳ ಜನರಿಗೆ ಇಲ್ಲ. ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು ಎರಡು ತುದಿ ಕೂಡಿಸಿ ಹೊಲಿಯುವುದು ಇವತ್ತಿಗೂ ಉತ್ತಮ ಚಿಕಿತ್ಸೆ. ವಯಸ್ಕರಲ್ಲಿ ಉದ್ದದ ಅರ್ಧದವರೆಗೆ, ಮಕ್ಕಳಲ್ಲಿ ಮೂರರಲ್ಲಿ ಒಂದು ಪಾಲಿನವರೆಗೆ ಹೀಗೆ ತೆಗೆಯಬಹುದು. ಹೊಲಿಗೆಯ ಮೇಲೆ ಎಳೆತ ಬೀಳದಂತೆ ಮೇಲಿನ ಧ್ವನಿಪೆಟ್ಟಿಗೆಯನ್ನು ಸಡಿಲಿಸಿ ಕೆಳಗಿಳಿಸುತ್ತಾರೆ, ಗದ್ದವನ್ನು ಎದೆಯ ಚರ್ಮಕ್ಕೆ ದಪ್ಪ ದಾರದಿಂದ ಹೊಲಿದು ಒಂದು ವಾರ ತಲೆ ಬಗ್ಗಿಸಿಯೇ ಇಡುತ್ತಾರೆ. ಬದಲಿ ಬೇಕಾಗುವುದು ಅರ್ಧಕ್ಕಿಂತ ಹೆಚ್ಚು ಹಾಳಾದಾಗ: ಉದ್ದನೆಯ ಗಾಯದ ಕಲೆ, ಗಡ್ಡೆ, ಹಿಂದೆ ಕೂಡಿಸಿದ ಹೊಲಿಗೆ ಬಿಟ್ಟುಹೋದವರು, ಹುಟ್ಟಿನಿಂದಲೇ ನಾಳ ಕಿರಿದಾದ ಶಿಶುಗಳು. ನಿಮ್ಮ 6 ಸೆಂ.ಮೀ. ಇದೆಯಲ್ಲ, ಅದು ಸರಿಯಾಗಿ ಈ ಗಡಿಯ ಮೇಲೆ ಕೂತಿದೆ.

ಯಾದಗಿರಿ ಐಸಿಯು ಸಿಸ್ಟರ್

ಬದಲಿ ನಾಳದ ಮಾತು ಶುರು ಆಗೋಕಿಂತ ಮೊದಲ ಒಂದು ಸೇರಸ್ತೀನ್ರಿ. ನಾಳ ಕಿರಿದಾಗೋ ದೊಡ್ಡ ದಾರಿ ವೆಂಟಿಲೇಟರ್ ಕೊಳವಿ. ನಮ್ಮ ಕಡೆ ಹತ್ತಿಗಿ, ತೊಗರಿಗಿ ಹೊಡಿಯೋ ಎಣ್ಣಿ ಕುಡದವರಿಗೆ ಒಂದರಿಂದ ನಾಕ ದಿನದೊಳಗ ಉಸಿರಿನ ಸ್ನಾಯು ಸೋತು ಹೋಗ್ತಾವ, ಆಮ್ಯಾಲ ವಾರಗಟ್ಟಲೆ ಕೊಳವಿ ಮ್ಯಾಲೆ ಇರಬೇಕಾಗ್ತದ. ಕೊಳವಿ ತುದಿಯ ಬಲೂನಿನ ಒತ್ತಡ, ಸೆಂ.ಮೀ. ನೀರಿನ ಮಾನದಾಗ, 20ರಿಂದ 30ರೊಳಗ ಇರಬೇಕು. ಮೀರಿದ್ರ ಪೊರೆಗೆ ರಕ್ತ ನಿಲ್ತದ, ಪೊರೆ ಕೊಳೀತದ, ಒಳಗಿನ ಮೃದ್ವಸ್ಥಿ ಬಯಲಾಗ್ತದ. ಗಾಯ ಮಾಯುವಾಗ ಅದ ಬಿಗಿದು ಉರುಲು ಆಗ್ತದ.

ಬಲೂನ್ ಬೆರಳಿನಾಗ ಹಿಚುಕಿ "ಸರಿ ಅದ" ಅನ್ನೋದು ಲೆಕ್ಕಕ್ಕಿಲ್ಲ. ಮ್ಯಾನೋಮೀಟರ್ ಹಚ್ಚಿ ಪಾಳಿಗೊಮ್ಮಿ ನೋಡಬೇಕು, ಮಗ್ಗಲು ಬದಲಿಸಿದ ಮ್ಯಾಲೆ ಮತ್ತೊಮ್ಮಿ. ಮೀಟರಿನ ಮಾನ ಓದ್ರಿ: 30 ಮಿ.ಮೀ. ಪಾದರಸ ಅಂದ್ರ 41 ಸೆಂ.ಮೀ. ನೀರು. 30 ಅಂತ ಕಂಡು ಸುಮ್ಮನಾದ್ರ ಹೋಯ್ತು. ಇನ್ನೊಂದು, ಕೇಸ್ ಶೀಟಿನಾಗ ಈ ಬಲೂನಿಗೆ ಇಂಗ್ಲಿಷಿನಂಗ "ಕಫ್" ಅಂತ ಬರದ್ರ "ಕಫ" ಅಂತ ಓದೋರು ಅದಾರ. ಬಲೂನು ಅಂತನ ಬರದ್ರ ಚಲೋ.

ಅರಿವಳಿಕೆ ಬೀದರ್

ಸಿಸ್ಟರ್ ಹೇಳಿದ್ದಕ್ಕೆ ಒಂದು ಬಾಲ. ಕೊಳವೆ ತೆಗೆದು ಮನೆಗೆ ಹೋದ ಎರಡರಿಂದ ಆರು ವಾರದಲ್ಲಿ ಏದುಸಿರು ಶುರುವಾದರೆ "ದಮ್ಮು" ಎಂದು ಇನ್‌ಹೇಲರ್ ಕೊಟ್ಟು ಕಳಿಸುವುದು ಅತಿ ಸಾಮಾನ್ಯ ತಪ್ಪು. ದಮ್ಮಿನ ಸುಯ್ಯಲು ಎದೆಯೊಳಗೆ, ಬಿಡುವ ಉಸಿರಿಗೆ ಹೆಚ್ಚು. ಇಲ್ಲಿ ಸದ್ದು ಕುತ್ತಿಗೆಯಲ್ಲೇ, ಎಳೆಯುವ ಉಸಿರಿಗೆ. 8 ಮಿ.ಮೀ.ಗಿಂತ ಕಿರಿದಾದರೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದು. 5 ಮಿ.ಮೀ. ಹತ್ತಿರ ಬಂದರೆ ಸುಮ್ಮನೆ ಕೂತರೂ ಸದ್ದು. ಮಾಸ್ತರಿಗೆ ಗೊತ್ತಿರುವ ಲೆಕ್ಕವೇ: ನೇರ ಹರಿವಿನಲ್ಲಿ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ವಿಲೋಮ. ವ್ಯಾಸ ಅರ್ಧವಾದರೆ ತಡೆ 16 ಪಟ್ಟು, ಸುಳಿ ಹರಿವಾದರೆ ಇನ್ನೂ ಹೆಚ್ಚು. ನಿಮ್ಮ ಕೊಳವೆಯ ಒಳಗೆ 2 ಮಿ.ಮೀ. ಒಣ ಕಫ ಸುತ್ತಲೂ ಅಂಟಿದರೆ 18 ಹೋಗಿ 14 ಆಯಿತು, ತಡೆ ಎರಡೂಮುಕ್ಕಾಲು ಪಟ್ಟು.

ಯಂತ್ರಮಾಸ್ತರ, ಕಲಬುರಗಿ

ಲೆಕ್ಕ ತಿಳಿಯಿತು ಸರ್. ಆದರೆ ಕಫ ಯಾಕೆ ಅಂಟಬೇಕು? ಒಳಮೈಯನ್ನು ಗಾಜಿನಂತೆ ನುಣುಪು ಮಾಡಿದರೆ?

ಕೋಶಕೃಷಿ, ಬೀದರ್

ನುಣುಪಿನಿಂದ ಆಗುವ ಕೆಲಸವಲ್ಲ. ಶ್ವಾಸನಾಳದ ಒಳಮೈಯಲ್ಲಿ ಸೂಕ್ಷ್ಮ ರೋಮಗಳಿರುವ ಕೋಶಗಳು, ನಡುನಡುವೆ ಲೋಳೆ ಸುರಿಸುವ ಕೋಶಗಳು, ಬುಡದಲ್ಲಿ ಹೊಸ ಕೋಶ ಹುಟ್ಟಿಸುವ ತಳಕೋಶಗಳು. ರೋಮಗಳು ಸೆಕೆಂಡಿಗೆ 10-15 ಸಲ ಬೀಸುತ್ತ ಲೋಳೆಯನ್ನು ನಿಮಿಷಕ್ಕೆ ಸುಮಾರು 5-10 ಮಿ.ಮೀ. ಮೇಲಕ್ಕೆ ತಳ್ಳುತ್ತವೆ. ನಡುವೆ 6 ಸೆಂ.ಮೀ. ಬೋಳು ಜಾಗ ಬಂದರೆ ಕೆಳಗಿನಿಂದ ಬಂದ ಲೋಳೆ ನಿಮ್ಮ ಕೊಳವೆಯ ಕೆಳತುದಿಯಲ್ಲೇ ನಿಲ್ಲುತ್ತದೆ. ಹರಿಯುವ ಬೆಲ್ಟು ಒಂದೆಡೆ ತುಂಡಾದರೆ ಆ ಜಾಗದಲ್ಲೇ ಚೀಲ ಗುಡ್ಡೆಯಾಗುವ ಹಾಗೆ. ನಿಂತ ಲೋಳೆಯಲ್ಲಿ ಸೂಡೋಮೋನಾಸ್, ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ಅಂಚಿನಲ್ಲಿ ಉರಿಯೂತ, ಅದರಿಂದ ಗ್ರಾನ್ಯುಲೇಷನ್, ಅಂದರೆ ಕೆಂಪಗೆ ಉಬ್ಬುವ ಹಸಿಮಾಂಸ, ಅದರಿಂದ ಮತ್ತೆ ಕಿರಿದು. ಎರಡೂ ತುದಿಯಿಂದ ಹೊಸ ಹೊದಿಕೆ ತೆವಳುತ್ತ ಬರುವುದು ನಿಜ. ಕೊಳವೆ ಉದ್ದವಾದಷ್ಟೂ ಅದು ಮಧ್ಯ ತಲುಪುವ ಮೊದಲೇ ಹಸಿಮಾಂಸ ಗೆಲ್ಲುತ್ತದೆ.

ಹೊದಿಕೆಯನ್ನು ಲ್ಯಾಬಿನಲ್ಲೇ ಬೆಳೆಸಿ ಹಚ್ಚಬಹುದಲ್ಲ ಎಂದರೆ, ಹೌದು. ರೋಗಿಯದೇ ಮೂಗಿನ ಅಥವಾ ಶ್ವಾಸನಾಳದ ಪೊರೆಯ ಚೂರು ತೆಗೆದು ತಳಕೋಶ ಬೆಳೆಸಬೇಕು. ಅವು ಪೂರ್ತಿ ದ್ರವದಲ್ಲಿ ಮುಳುಗಿದ್ದರೆ ರೋಮ ಬಿಡುವುದಿಲ್ಲ. ಕೆಳಗೆ ಪೋಷಕ ದ್ರವ, ಮೇಲೆ ಗಾಳಿ ಇರುವಂತೆ ಮೂರು-ನಾಲ್ಕು ವಾರ ಇಡಬೇಕು. ಮೃದ್ವಸ್ಥಿ ಕೋಶಗಳ ತಕರಾರು ಬೇರೆ: ತಟ್ಟೆಯಲ್ಲಿ ನಾಲ್ಕಾರು ಸಲ ಹಂಚಿ ಬೆಳೆಸಿದರೆ ತಮ್ಮ ಕಸುಬನ್ನೇ ಮರೆತು ಎರಡನೇ ಬಗೆಯ ಕೊಲ್ಯಾಜನ್ ಬದಲು ಮೊದಲನೇ ಬಗೆಯದನ್ನು ಮಾಡತೊಡಗುತ್ತವೆ. ಅಂದರೆ ಮೃದ್ವಸ್ಥಿಯ ಬದಲು ಗಾಯದ ನಾರು.

ಕಂಠವೈದ್ಯ, ಕಲಬುರಗಿ

ಇಷ್ಟೆಲ್ಲ ಮಾಡಿ ಹಚ್ಚಿದ ಕೋಶಗಳೂ ಒಳಗೆ ಹೋದ ಮೇಲೆ ಸಾಯುತ್ತವೆ, ರಕ್ತ ಇಲ್ಲದಿದ್ದರೆ. ಇಡೀ ವಿಷಯದ ಗಂಟು ಇಲ್ಲಿದೆ ಅಂತ ನನ್ನ ಅಭಿಪ್ರಾಯ.

ರಕ್ತನಾಳದಿಂದ ಆಮ್ಲಜನಕ ಅಂಗಾಂಶದೊಳಗೆ ನುಸುಳುವುದು 100ರಿಂದ 200 ಮೈಕ್ರಾನ್ ದೂರ ಮಾತ್ರ. ನಿಮ್ಮ ಗೋಡೆ 2,000 ಮೈಕ್ರಾನ್. ಕಿಡ್ನಿ ಕಸಿಯಲ್ಲಿ ಒಂದು ಅಪಧಮನಿ, ಒಂದು ಅಭಿಧಮನಿ ಹೊಲಿದರೆ ಇಡೀ ಅಂಗಕ್ಕೆ ರಕ್ತ ಹರಿಯುತ್ತದೆ. ಶ್ವಾಸನಾಳಕ್ಕೆ ಅಂಥ ಮುಖ್ಯ ಕಾಲುವೆಯೇ ಇಲ್ಲ. ಮೇಲ್ಭಾಗಕ್ಕೆ ಥೈರಾಯ್ಡ್ ಕಡೆಯಿಂದ, ಕೆಳಭಾಗಕ್ಕೆ ಬ್ರಾಂಕಿಯಲ್ ಅಪಧಮನಿಗಳಿಂದ ಎರಡೂ ಪಕ್ಕಕ್ಕೆ ಕೂದಲೆಳೆಯಂಥ ಕವಲುಗಳು ಬರುತ್ತವೆ. ನಾರಾಯಣಪುರ ಎಡದಂಡೆಯ ಮುಖ್ಯ ಕಾಲುವೆ ಇಲ್ಲದೆ ಬರೀ ಹೊಲಗಾಲುವೆಗಳಿದ್ದಂತೆ. ಯಾವುದನ್ನು ಯಾವುದಕ್ಕೆ ಹೊಲಿಯುವುದು?

ಬೆಲ್ಜಿಯಂನ ಲ್ಯೂವೆನ್‌ನ ಪಿಯರ್ ಡೆಲಾರ್ ತಂಡ ಇದಕ್ಕೆ ಸುತ್ತುದಾರಿ ಹಿಡಿಯಿತು. ದಾನಿಯ ಶ್ವಾಸನಾಳವನ್ನು ರೋಗಿಯ ಮುಂದೋಳಿನ ಚರ್ಮದಡಿ ಅಲ್ಲಿನ ರಕ್ತನಾಳದ ಪದರದಲ್ಲಿ ಸುತ್ತಿ ತಿಂಗಳುಗಟ್ಟಲೆ ಇಟ್ಟು, ರಕ್ತ ಹರಿದ ಮೇಲೆ ಆ ಪದರದ ಸಮೇತ ಕುತ್ತಿಗೆಗೆ ಸಾಗಿಸಿದರು. ಪ್ರಕಟವಾದದ್ದು 2010ರಲ್ಲಿ. ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆಯಲ್ಲಿ 2021ರ ಜನವರಿಯಲ್ಲಿ ಎರಿಕ್ ಜೆಂಡೆನ್ ತಂಡ ದಾನಿಯ ನಾಳವನ್ನು ಅದರ ಸಣ್ಣ ರಕ್ತನಾಳಗಳ ಸಮೇತ ನೇರವಾಗಿ ಕೂಡಿಸಿತು. ಎರಡೂ ಮನುಷ್ಯರ ನಾಳಗಳೇ, ಲ್ಯಾಬಿನಲ್ಲಿ ಮಾಡಿದವಲ್ಲ.

ಪಿಜಿ ಎರಡನೇ ವರ್ಷ

ಸರ್, 2008ರಲ್ಲಿ ಬಾರ್ಸಿಲೋನಾದಲ್ಲಿ ಕಾಂಡಕೋಶದ (ಸ್ಟೆಮ್ ಸೆಲ್) ಶ್ವಾಸನಾಳ ಯಶಸ್ವಿ ಎಂದು ಸೆಮಿನಾರ್‌ಗಳಲ್ಲಿ ಈಗಲೂ ಸ್ಲೈಡ್ ತೋರಿಸುತ್ತಾರೆ. ಅದು?

ಕಂಠವೈದ್ಯ, ಕಲಬುರಗಿ

ಆ ಸ್ಲೈಡ್ ತೆಗೆದು ಹಾಕಿ. ಪಾವೊಲೊ ಮಕಿಯಾರಿನಿ ಎಂಬ ಶಸ್ತ್ರವೈದ್ಯ 2008ರ ಜೂನ್‌ನಲ್ಲಿ, ಎಡ ಶ್ವಾಸಕೋಶಕ್ಕೆ ಹೋಗುವ ಕವಲು ನಾಳ ಕ್ಷಯದಿಂದ ಕೆಟ್ಟ ಮಹಿಳೆಗೆ, ದಾನಿಯ ನಾಳದಿಂದ ಜೀವಕೋಶ ತೊಳೆದು, ಆಕೆಯದೇ ಕೋಶ ಹಚ್ಚಿ ಕಸಿ ಮಾಡಿದ. ಅದೇ ವರ್ಷ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಕಸಿ ಮತ್ತೆ ಮತ್ತೆ ಕುಸಿದು, ಒಳಗಿನಿಂದ ನಾಳ ತೆರೆದಿಡುವ ಸ್ಟೆಂಟ್ ಹಾಕಬೇಕಾಯಿತು, 2016ರಲ್ಲಿ ಆಕೆಯ ಎಡ ಶ್ವಾಸಕೋಶವನ್ನೇ ತೆಗೆದರು. 2011ರಿಂದ ಆತ ಸ್ಟಾಕ್‌ಹೋಮ್‌ನ ಕ್ಯಾರೊಲಿನ್ಸ್ಕಾ ಆಸ್ಪತ್ರೆಯಲ್ಲಿ ನೇರ ಪ್ಲಾಸ್ಟಿಕ್ ಕೊಳವೆಗೇ ಇಳಿದ. ಅಲ್ಲಿ ಕಸಿ ಮಾಡಿಸಿಕೊಂಡ ಮೂವರೂ ತೀರಿಕೊಂಡರು. 2011ರ ಲೇಖನವನ್ನು ಲ್ಯಾನ್ಸೆಟ್ 2018ರಲ್ಲಿ, 2008ರದನ್ನು 2023ರಲ್ಲಿ ಹಿಂತೆಗೆದುಕೊಂಡಿತು. 2023ರ ಜೂನ್‌ನಲ್ಲಿ ಸ್ವೀಡನ್ನಿನ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಜೈಲು ವಿಧಿಸಿತು.

ಮಾಸ್ತರ್ರ, ನಿಮ್ಮ ಹುಡುಗರ ಪೈಪಿನ ವಾದಕ್ಕೂ ಆ ಪ್ಲಾಸ್ಟಿಕ್ ಕೊಳವೆಗೂ ವ್ಯತ್ಯಾಸ ಬಹಳ ಇಲ್ಲ. ಮೇಲೆ ಕೋಶ ಚಿಮುಕಿಸಿದ್ದರು, ಅಷ್ಟೇ. ರಕ್ತ ಬರಲಿಲ್ಲ, ಹೊದಿಕೆ ಬೆಳೆಯಲಿಲ್ಲ, ಹೊಲಿಗೆಯ ಅಂಚು ಬಿಟ್ಟಿತು. ಪ್ರಾಣಿಗಳಲ್ಲಿ ಸರಿಯಾಗಿ ಪರೀಕ್ಷಿಸದೆ ಮನುಷ್ಯರಿಗೆ ಹಾಕಿದ್ದು ಎಲ್ಲಕ್ಕಿಂತ ದೊಡ್ಡ ಅಪರಾಧ.

ಕೋಶಕೃಷಿ, ಬೀದರ್

ಕೋಶ ತೊಳೆಯುವ ವಿಧಾನವನ್ನೇ ಆ ವ್ಯಕ್ತಿಯ ಜೊತೆ ಹೂಳಬೇಡಿ ಡಾಕ್ಟ್ರೇ. ಅದು ಬೇರೆ ಮಾತು. ವಿದ್ಯಾರ್ಥಿಗಳಿಗೆ ಪಿಸಿಎಲ್‌ಗಿಂತ ಹೆಚ್ಚು ಕಲಿಸುವುದು ಅದೇ, ಮತ್ತು ಸಾಮಾನು ಮಟನ್ ಅಂಗಡಿಯಲ್ಲಿ ಸಿಗುತ್ತದೆ.

ಆಡಿನ ನಾಳವನ್ನು ಕಡಿದ ಎರಡು-ಮೂರು ತಾಸಿನೊಳಗೆ ಐಸ್ ಮೇಲೆ ತನ್ನಿ. ಹೊರಗಿನ ಕೊಬ್ಬು, ಸಡಿಲ ಪೊರೆ ಬಿಡಿಸಿ 3-4 ಸೆಂ.ಮೀ. ತುಂಡು ಮಾಡಿ. ಆಂಟಿಬಯಾಟಿಕ್ ಬೆರೆಸಿದ ಫಾಸ್ಫೇಟ್ ಬಫರಿನಲ್ಲಿ ತೊಳೆಯಿರಿ. ಆಮೇಲೆ 4 ಡಿಗ್ರಿಯಲ್ಲಿ ಡಿಸ್ಟಿಲ್ಡ್ ನೀರಿನಲ್ಲಿ ಎರಡು-ಮೂರು ದಿನ. ಕೋಶಗಳು ನೀರು ಕುಡಿದು ಒಡೆಯುತ್ತವೆ. ನಂತರ 4% ಸೋಡಿಯಂ ಡಿಯಾಕ್ಸಿಕೋಲೇಟ್ ಎಂಬ ಡಿಟರ್ಜೆಂಟಿನಲ್ಲಿ 4 ತಾಸು, ಅಲುಗಾಡುತ್ತಲೇ ಇರಬೇಕು. ತೊಳೆದು, ಡಿಎನ್‌ಎ ಕತ್ತರಿಸುವ ಡಿಎನ್‌ಏಸ್ ಕಿಣ್ವ 3 ತಾಸು. ಇದು ಒಂದು ಸುತ್ತು. 2008ರ ಆ ನಾಳಕ್ಕೆ ಇಂಥ ಸುತ್ತುಗಳಿಗೆ ಆರು ವಾರ ಹಿಡಿದಿತ್ತು. ನಿರ್ವಾತದಲ್ಲಿ ಇಟ್ಟು ದ್ರಾವಣವನ್ನು ಒಳಕ್ಕೆ ಎಳೆಸಿದರೆ ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ.

ಕೈಕೊಡುವ ಜಾಗಗಳು: ಡಿಯಾಕ್ಸಿಕೋಲೇಟ್ ಆಮ್ಲ ತಾಗಿದರೆ ಬೆಳ್ಳಗೆ ಗಡ್ಡೆಕಟ್ಟುತ್ತದೆ, ಬಫರಿನ ಪಿಎಚ್ 8ರ ಹತ್ತಿರ ಇರಲಿ. ಹಿಂದಿನ ತೊಳೆತಕ್ಕೆ ಇಡಿಟಿಎ ಎಂಬ ರಾಸಾಯನಿಕ ಬಳಸಿ, ಅದು ಉಳಿದಿದ್ದರೆ ಮೆಗ್ನೀಷಿಯಂ ಕಸಿದುಕೊಂಡು ಡಿಎನ್‌ಏಸ್ ಸುಮ್ಮನೆ ಕೂರುತ್ತದೆ. ಡಿಟರ್ಜೆಂಟ್ ಪೂರ್ತಿ ಹೋಗದಿದ್ದರೆ ಮುಂದೆ ಹಚ್ಚಿದ ಹೊಸ ಕೋಶಗಳನ್ನು ಅದೇ ಕೊಲ್ಲುತ್ತದೆ. ಕೊನೆಯ ತೊಳೆತದಲ್ಲಿ ಅಲುಗಾಡಿಸಿದಾಗ ನೊರೆ ಬರಲೇಬಾರದು. ಆಯಿತೋ ಇಲ್ಲವೋ ನೋಡಲು ಒಪ್ಪಿತ ಅಳತೆ ಮೂರು: ಒಣತೂಕದ ಒಂದು ಮಿ.ಗ್ರಾಂಗೆ 50 ನ್ಯಾನೋಗ್ರಾಂಗಿಂತ ಕಡಿಮೆ ಎರಡೆಳೆ ಡಿಎನ್‌ಎ, ಉಳಿದ ತುಣುಕುಗಳು 200 ಬೇಸ್ ಜೋಡಿಗಿಂತ ಗಿಡ್ಡ, ಸ್ಲೈಡಿನಲ್ಲಿ ಕೋಶಕೇಂದ್ರ ಕಾಣಬಾರದು.

ಈಗ ಇಕ್ಕಟ್ಟು. ಪೊರೆಯ ಕೋಶ ಬೇಗ ಹೋಗುತ್ತದೆ. ಮೃದ್ವಸ್ಥಿಯ ಒಳಗಿನವು ಹೋಗುವುದಿಲ್ಲ, ಅಲ್ಲಿ ರಕ್ತನಾಳವೇ ಇಲ್ಲ, ಸಂದಿಗಳು ಬಿಗಿ. ಅವೂ ಹೋಗಲಿ ಎಂದು ತೊಳೆಯುತ್ತ ಹೋದರೆ ನೀರು ಹಿಡಿದಿಡುವ ಗ್ಲೈಕೋಸಮಿನೋಗ್ಲೈಕಾನ್‌ಗಳೂ ತೊಳೆದುಹೋಗಿ ಉಂಗುರ ನೆನೆದ ರಟ್ಟಿನಂತಾಗುತ್ತದೆ. ಉಸಿರು ಎಳೆದರೆ ಗೋಡೆ ಒಳಗೆ ಕುಸಿಯುತ್ತದೆ. ಈಗ ಕೆಲವು ತಂಡಗಳು ಹೊದಿಕೆ ಮಾತ್ರ ತೊಳೆದು ಮೃದ್ವಸ್ಥಿಯನ್ನು ಜೀವಂತ ಬಿಡುತ್ತಿವೆ. ಮೃದ್ವಸ್ಥಿಯೊಳಗಿನ ಕೋಶ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ನನಗೆ ಇದೇ ಬುದ್ಧಿವಂತಿಕೆಯ ದಾರಿ ಅನ್ನಿಸುತ್ತದೆ.

ಅರಿವಳಿಕೆ ಬೀದರ್

ಮಹಾಪಧಮನಿಯ ದಾರಿ ಯಾರೂ ಹೇಳಲಿಲ್ಲ. ಪ್ಯಾರಿಸ್‌ನ ಎಮ್ಯಾನುಯೆಲ್ ಮಾರ್ಟಿನೋ ತಂಡ, 2018ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟ. ದಾನಿಯ ಮಹಾಪಧಮನಿಯ ತುಂಡನ್ನು ಮೈನಸ್ 80 ಡಿಗ್ರಿಯಲ್ಲಿ ಕಾದಿಟ್ಟು, ಕರಗಿಸಿ, ಶ್ವಾಸನಾಳ ಅಥವಾ ಅದರ ಕವಲಿನ ಜಾಗದಲ್ಲಿ ಹೊಲಿದು, ಕುಸಿಯದಂತೆ ಒಳಗೆ ಸ್ಟೆಂಟ್. ಕೋಶ ಹಚ್ಚುವುದಿಲ್ಲ, ರೋಗನಿರೋಧಕ ಕುಗ್ಗಿಸುವ ಮಾತ್ರೆಯೂ ಇಲ್ಲ. 13 ಜನರಿಗೆ ಹಾಕಿದರು, ಸುಮಾರು ನಾಲ್ಕು ವರ್ಷದ ಹೊತ್ತಿಗೆ 10 ಜನ ಬದುಕಿದ್ದರು, ಅವರಲ್ಲಿ 8 ಜನ ಸ್ಟೆಂಟ್ ತೆಗೆದ ಮೇಲೆ ಸಹಜವಾಗಿ ಉಸಿರಾಡುತ್ತಿದ್ದರು. ಸ್ಟೆಂಟ್ ತೆಗೆದದ್ದು ಸರಾಸರಿ 18 ತಿಂಗಳಿಗೆ. ಪಕ್ಕದ ಸ್ನಾಯುವಿನ ಪಟ್ಟಿಯನ್ನು ರಕ್ತನಾಳದ ಸಮೇತ (ಫ್ಲ್ಯಾಪ್) ಸುತ್ತುವುದರಿಂದ ರಕ್ತ ಸಿಗುತ್ತದೆ. ವಿಚಿತ್ರವೆಂದರೆ ಒಳಗೆ ಹೊಸ ಹೊದಿಕೆಯ ಜೊತೆ ಮೃದ್ವಸ್ಥಿಯೂ ಹುಟ್ಟಿದ್ದು ಕಂಡಿತು. ದೇಹವನ್ನೇ ಬಯೋರಿಯಾಕ್ಟರ್, ಅಂದರೆ ಅಂಗಾಂಶ ಬೆಳೆಸುವ ಪಾತ್ರೆ, ಮಾಡಿದಂತೆ.

ಪಿಜಿ ಎರಡನೇ ವರ್ಷ

ಹಾಗಾದರೆ 2023ರ ಕೊರಿಯಾ? ಸೋಲ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಪಿಸಿಎಲ್ ಹಂದರದ ಜೊತೆ ಕೋಶ ಸೇರಿಸಿ ಪ್ರಿಂಟ್ ಮಾಡಿ ಹಾಕಿದ್ದಾರೆ. ಮಾಸ್ತರರ ಕೊಳವೆಗೆ ಅದು ಬೆಂಬಲವಲ್ಲವೇ?

ಕಂಠವೈದ್ಯ, ಕಲಬುರಗಿ

ಒಬ್ಬ ರೋಗಿ. 2008ರಲ್ಲೂ ಒಬ್ಬರೇ ಇದ್ದರು. ನಾಳದೊಳಗೆ ದುರ್ಬೀನು ಇಳಿಸಿ ತೆಗೆದ ಐದು ವರ್ಷದ ಬ್ರಾಂಕೋಸ್ಕೋಪಿ ಚಿತ್ರ ನೋಡದೆ ಈ ವಿಷಯದಲ್ಲಿ ಚಪ್ಪಾಳೆ ತಟ್ಟಬಾರದು.

ಸಂಯೋಜಕಿ

ರೋಗಿಗಳ ಮನೆಯವರೂ ಇದನ್ನು ಓದುತ್ತಿರಬಹುದು, ಕಾನೂನಿನ ಮಾತು ಹೇಳಿಬಿಡುತ್ತೇನೆ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಭಾರತದಲ್ಲಿ ಕಾಂಡಕೋಶವನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬಹುದಾದ್ದು ಆಯ್ದ ರಕ್ತಸಂಬಂಧಿ ಕಾಯಿಲೆಗಳಿಗಷ್ಟೇ. ಉಳಿದದ್ದೆಲ್ಲ ಕ್ಲಿನಿಕಲ್ ಟ್ರಯಲ್, ಅಂದರೆ ರೋಗಿಗಳ ಮೇಲಿನ ಪ್ರಯೋಗ: ಅಂಥ ಪ್ರಯೋಗಗಳ ರಾಷ್ಟ್ರೀಯ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ, ಎಥಿಕ್ಸ್ ಸಮಿತಿಯ ಒಪ್ಪಿಗೆ, 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಅನುಮತಿ ಬೇಕು. "ಕಾಂಡಕೋಶದ ಶ್ವಾಸನಾಳ ಹಾಕ್ತೀವಿ, ಇಷ್ಟು ಲಕ್ಷ" ಎಂದು ಯಾರಾದರೂ ಹೇಳಿದರೆ ಸಿಟಿಆರ್‌ಐ ನಂಬರ್ ಕೇಳಿ. ನಂಬರ್ ಕೊಡದಿದ್ದರೆ ಎದ್ದು ಬನ್ನಿ. ದಾನಿಯ ಅಂಗಾಂಶ ಬಳಸುವುದಾದರೆ 1994ರ ಅಂಗ ಕಸಿ ಕಾಯ್ದೆಯೂ ಅನ್ವಯಿಸುತ್ತದೆ. 2011ರ ತಿದ್ದುಪಡಿ ಅಂಗಾಂಶವನ್ನೂ ಒಳಗೆ ತಂದಿದೆ. ಕಸಾಯಿ ಅಂಗಡಿಯ ನಾಳಕ್ಕೆ ಇದ್ಯಾವುದೂ ಬೇಡ. ಬದುಕಿರುವ ಪ್ರಾಣಿಗೆ ಕಸಿ ಮಾಡುವುದಾದರೆ ಪ್ರಾಣಿ ಪ್ರಯೋಗದ ಸಮಿತಿಯ ಅನುಮತಿ ಕಡ್ಡಾಯ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ವಿಚಾರಿಸಿ.

ಯಾದಗಿರಿ ಐಸಿಯು ಸಿಸ್ಟರ್

ಅಲ್ಲೀತನಕ ಮಂದಿ ಬದುಕೋದು ಮಾಂಟ್ಗೋಮರಿ ಟಿ-ಟ್ಯೂಬ್ ಮ್ಯಾಲೇ ಅದ. ಸಿಲಿಕೋನ್ ಕೊಳವಿ, ಒಂದು ಕವಲು ಕುತ್ತಿಗಿ ಹೊರಗ. ಹೊರಗಿನ ಬಾಯಿ ಮುಚ್ಚಳ ಹಾಕಿಟ್ರ ಮೂಗಿನ ಹಸಿಗಾಳಿ ಒಳಗ ಹೋಗ್ತದ, ಮಾತೂ ಬರ್ತದ. ನಮ್ಮ ಬ್ಯಾಸಗಿಯಾಗ ಮುಚ್ಚಳ ತೆಗೆದು ಮಲಗಿದ್ರ ಬೆಳಗಾಗೂದ್ರಾಗ ಕಫ ಒಣಗಿ ಬಿರಡಿ ಬಿದ್ದಂಗ ಆಗಿರ್ತದ. 2-3 ಮಿ.ಲೀ. ಸಲೈನ್ ಹಾಕಿ ಸಕ್ಷನ್, ದಿನಕ್ಕ ಎರಡು-ಮೂರು ಸಲ. ಶಹಾಬಾದ್ ಕಲ್ಲಿನ ಖಣಿ, ದಾಲ್ ಮಿಲ್ಲಿನ ಧೂಳಿನಾಗ ಕೆಲಸ ಮಾಡೋರು ಹಸಿ ಬಟ್ಟಿ ಕಟ್ಕೋಬೇಕು. ಲೋಹದ ಸ್ಟೆಂಟ್ ಹಾಕಸ್ಕೊಳ್ಳೋಕ ಅವಸರ ಮಾಡಬ್ಯಾಡ್ರಿ: ಹಸಿಮಾಂಸ ಜಾಳಿಗಿ ಒಳಗ ಬೆಳದು ಬಿಡ್ತದ, ಆಮ್ಯಾಲ ತೆಗಿಯಾಕ ಬರಂಗಿಲ್ಲ. ಕ್ಯಾನ್ಸರ್ ಅಲ್ಲದ ಕಿರಿದಿಗೆ ಅದು ಕಡೀ ಉಪಾಯ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಾಗನ ಎಚ್ಚರಿಕೆ ಕೊಟ್ಟದ.

ಯಂತ್ರಮಾಸ್ತರ, ಕಲಬುರಗಿ

ಪೂರ್ತಿ ಕೊಳವೆ ಕೈಬಿಟ್ಟೆವು. ಪಿಸಿಎಲ್‌ನಿಂದ ಇನ್ನೇನಾದರೂ ಉಪಯೋಗದ್ದು ಮಾಡಬಹುದೇ?

ಕೋಶಕೃಷಿ, ಬೀದರ್

ಹೊರಗಿನ ಆಸರೆ ಮಾಡಿ. ಉಂಗುರ ಮೆತ್ತಗಾಗಿ ಉಸಿರಿಗೆ ಕುಸಿಯುವ ಮಕ್ಕಳಿಗೆ ಮಿಶಿಗನ್‌ನಲ್ಲಿ 2012ರಲ್ಲಿ ಹಾಕಿದ್ದು ಅದೇ: ಲೇಸರ್‌ನಿಂದ ಪಿಸಿಎಲ್ ಪುಡಿ ಬೆಸೆದು ಮಾಡಿದ ಲಾಳದಾಕಾರದ ಕವಚ. ನಾಳವನ್ನು ಹೊರಗಿನಿಂದ ಅದಕ್ಕೆ ಹೊಲಿದು ಎಳೆದು ತೆರೆದಿಡುತ್ತಾರೆ. ಗಾಳಿ ಮುಟ್ಟುವುದಿಲ್ಲ, ಲೋಳೆ ಮುಟ್ಟುವುದಿಲ್ಲ, ಒಳಪೊರೆ ರೋಗಿಯದೇ. ಒಂದು ಕಡೆ ಬಾಯಿ ತೆರೆದಿರುವುದರಿಂದ ಮಗು ಬೆಳೆದಂತೆ ಅಗಲವಾಗುತ್ತದೆ, ಎರಡು-ಮೂರು ವರ್ಷದಲ್ಲಿ ಕರಗುತ್ತದೆ.

ಪರೀಕ್ಷೆ ಹೀಗಿರಲಿ: ಆಡಿನ ನಾಳದ ತುಂಡನ್ನು ಎರಡು ತಟ್ಟೆಗಳ ನಡುವೆ ವ್ಯಾಸ ಅರ್ಧವಾಗುವವರೆಗೆ ಒತ್ತಿ ಬಲ ಬರೆದುಕೊಳ್ಳಿ. ನಾಳ ಒಣಗಬಾರದು, ಸಲೈನ್‌ನಲ್ಲಿ ನೆನೆಸಿಯೇ ಒತ್ತಬೇಕು, ಒಣಗಿದರೆ ಸುಳ್ಳು ಗಟ್ಟಿತನ ತೋರಿಸುತ್ತದೆ. ಆಮೇಲೆ ಮುಂಭಾಗದ ಉಂಗುರಗಳನ್ನು ಕೊಯ್ದು ಮೆತ್ತಗಾಗಿಸಿ, ಒಳಗೆ ಗಾಳಿ ಹೀರುತ್ತ ಕುಸಿಯುವ ಒತ್ತಡ ಅಳೆಯಿರಿ, ಕವಚ ಹೊಲಿದು ಮತ್ತೆ ಅಳೆಯಿರಿ. ಕೆಮ್ಮಿದಾಗ ಎದೆಯೊಳಗಿನ ಒತ್ತಡ 100 ಮಿ.ಮೀ. ಪಾದರಸ ಮೀರುತ್ತದೆ, ಒಂದು ಪರೀಕ್ಷೆ ಅಲ್ಲಿಯವರೆಗೂ ಹೋಗಲಿ. ಹೊಲಿಗೆಯ ರಂಧ್ರದ ಅಂಚು ಗುಂಡಗಿರಬೇಕು, ಚೂಪಿದ್ದರೆ ದಾರವನ್ನೇ ಕತ್ತರಿಸುತ್ತದೆ.

ಯಂತ್ರಮಾಸ್ತರ, ಕಲಬುರಗಿ

ಕ್ರಿಮಿಶುದ್ಧಿಗೆ ಆಟೋಕ್ಲೇವ್?

ಅರಿವಳಿಕೆ ಬೀದರ್

ಬೇಡವೇ ಬೇಡ. ಪಿಸಿಎಲ್ ಕರಗುವುದು ಸುಮಾರು 60 ಡಿಗ್ರಿಗೆ, ಆಟೋಕ್ಲೇವ್ 121. ತೆಗೆದಾಗ ತಟ್ಟೆಯಲ್ಲಿ ಮೇಣದ ಮುದ್ದೆ ಸಿಗುತ್ತದೆ. ಎಥಿಲೀನ್ ಆಕ್ಸೈಡ್‌ನ 37 ಡಿಗ್ರಿ ಸೈಕಲ್ ಕೇಳಿ, ಅನಿಲ ಪೂರ್ತಿ ಹೋಗುವಷ್ಟು ಗಾಳಿಗೆ ಬಿಡಿ. ಮತ್ತೆ, ಮಾದರಿಯನ್ನು ಮೇ ತಿಂಗಳಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟು ಬೀದರಿಗೆ ತರಬೇಡಿ.